ಯೆಜ್ಡಿಗೆ ಸಿಕ್ಕ ಮದುವೆ ಕಾರ್ಡು

ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ನಾನು ಹೆಲ್ಮೆಟ್ ಹಿಡಿದು ಗೇಟಿನ ಹತ್ತಿರ ಬಂದರೆ ಸಾಕು, ಎದುರುಮನೆ ಆಂಟಿ ಓಡಿಬಂದು ತಂತಿ ಮೇಲಿನ ಬಟ್ಟೆ ಎಳೆದುಕೊಳ್ಳುತ್ತಿದ್ದರು. ಮಳೆ ಬರುವ ಲಕ್ಷಣ ಏನೂ ಇರುತ್ತಿರಲಿಲ್ಲ. ನಾನು ಯೆಜ್ಡಿ ಬೈಕ್ ಸ್ಟಾರ್ಟ್ ಮಾಡುವ ಲಕ್ಷಣ ಇರುತ್ತಿತ್ತು.

ಅದನ್ನು ನಾನು ಕೊಂಡಿದ್ದು 1998ರಲ್ಲಿ, 9,000 ರೂಪಾಯಿಗೆ. ನನಗಿಂತ ಮುಂಚೆ ಇಬ್ಬರು ಓಡಿಸಿ ಸುಸ್ತಾಗಿದ್ದರು. ಅದನ್ನು ಮಾಡುತ್ತಿದ್ದ ಮೈಸೂರಿನ ಯಾದವಗಿರಿಯ ಫ್ಯಾಕ್ಟರಿ ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು. 1961ರಲ್ಲಿ ಜಯಚಾಮರಾಜ ಒಡೆಯರ್ ಅವರ ಕೈಯಲ್ಲಿ ಉದ್ಘಾಟನೆಯಾದ ಫ್ಯಾಕ್ಟರಿ ಅದು. ಮೊದಲು ಚೆಕ್ ದೇಶದ ಜಾವಾ ಹೆಸರಿನಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಮಾಡಿ ಊರಿಗೆಲ್ಲ ಸದ್ದು ಹಂಚಿತ್ತು. ಮೈಸೂರಿನಲ್ಲಿದ್ದುಕೊಂಡು ಬೇರೆ ಗಾಡಿ ಕೊಳ್ಳುವುದು ಅಂದರೆ ನಂಜನಗೂಡಲ್ಲಿ ಕೂತು ರಸಬಾಳೆ ಬಿಟ್ಟು ಇನ್ನೆಲ್ಲಿಯದೋ ಬಾಳೆಹಣ್ಣು ತಿಂದ ಹಾಗೆ ಅನ್ನುವುದು ನನ್ನ ವಾದ. ಅಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. ಎರಡೂ ಸೈಲೆನ್ಸರನ್ನು ಬಗ್ಗಿ ನೋಡಿದರು. "ಮನೆಗೆ ಇನ್ನೊಂದು ಬಾಯಿ ತಂದ್ಯಲ್ಲೋ," ಅಂದರು. ಒಂದಲ್ಲ ಎರಡು ಅಂತ ಆಮೇಲೆ ತಿದ್ದಿಕೊಂಡರು.

ಮೈಸೂರಿನಲ್ಲಿ ಯೆಜ್ಡಿ ಇಟ್ಟುಕೊಂಡವನಿಗೆ ಒಂದು ಅನುಕೂಲ, ಒಂದು ಅನಾನುಕೂಲ. ಎರಡೂ ಒಂದೇ. ಗಾಡಿ ಎಲ್ಲಾದರೂ ನಿಂತರೆ ಎರಡು ನಿಮಿಷದಲ್ಲಿ ಯಾರೋ ಒಬ್ಬರು ಹಿರಿಯರು ಪಕ್ಕದಲ್ಲಿ ಪ್ರತ್ಯಕ್ಷವಾಗುತ್ತಿದ್ದರು. "ನಾನು ಫ್ಯಾಕ್ಟರೀಲಿ ಇಪ್ಪತ್ತೆರಡು ವರ್ಷ ಇದ್ದೆ ಕಣಪ್ಪಾ. ಪ್ಲಗ್ ಬಿಚ್ಚು." ಪ್ಲಗ್ ಬಿಚ್ಚುವಷ್ಟರಲ್ಲಿ ಇನ್ನೊಬ್ಬರು. "ಪ್ಲಗ್ ಅಲ್ಲ ಅದು, ಪಾಯಿಂಟು." ಮೂರನೆಯವರು ಬಂದರೆ ಕಾರ್ಬ್ಯುರೇಟರ್. ನನ್ನ ಗಾಡಿಯನ್ನು ನಡುವೆ ನಿಲ್ಲಿಸಿಕೊಂಡು ಮೂವರೂ ತಮ್ಮ ಸರ್ವಿಸಿನ ಕಷ್ಟಸುಖ ಮಾತಾಡುತ್ತಿದ್ದರು. ತಳ್ಳುವ ಹೊತ್ತಿಗೆ ಮಾತ್ರ ಮೂವರಿಗೂ ಸೊಂಟ ನೋವು. ಅವರಲ್ಲೊಬ್ಬರು ಇದ್ದದ್ದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಂತ ನನಗೆ ಬಹಳ ದಿನದ ಮೇಲೆ ಗೊತ್ತಾಯಿತು. ಆದರೂ ಅವತ್ತು ಅವರು ಹೇಳಿದ್ದೇ ಸರಿಯಿತ್ತು. ಪ್ಲಗ್ಗೇ ಆಗಿತ್ತು.

ಪ್ಲಗ್ಗಿನ ವಿಷಯ ಹೇಳಬಾರದು ಅಂದುಕೊಂಡಿದ್ದೆ. ಸುಮ್ನೆ ಒಂದೇ ಮಾತು: ನಮ್ಮ ಅಕ್ಕನ ಮಗನ ನಾಮಕರಣದ ಆಲ್ಬಮ್ಮಿನಲ್ಲಿ ಒಂದು ಫೋಟೋದಲ್ಲೂ ನನ್ನ ಬಲಗೈ ಇಲ್ಲ. ಪ್ಲಗ್ಗಿನ ಮಸಿ ಹತ್ತಿದ ಕೈ, ಎಲ್ಲದರಲ್ಲೂ ಬೆನ್ನ ಹಿಂದೆ.

ಗೊತ್ತಿಲ್ಲದವರಿಗೆ ಈ ಗಾಡಿಯ ಒಂದು ವಿಶೇಷ ಹೇಳಬೇಕು. ಇದಕ್ಕೆ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಎಡಗಡೆಯ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಸ್ಟಾರ್ಟ್ ಆದಮೇಲೆ ವಾಪಸ್ ಮಲಗಿಸಿದರೆ ಮತ್ತೆ ಗೇರು. ಅದ್ಭುತವಾದ ಬುದ್ಧಿ. ಆದರೆ ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಬೆಂಗಳೂರಿಂದ ಬಂದ ನನ್ನ ಭಾವಮೈದುನ, "ಭಾವ, ಕೀ ಕೊಡಿ, ಒಂದ್ ರೌಂಡ್ ಹೋಗ್ಬರ್ತೀನಿ," ಅಂತ ಹೋದವನು ಹತ್ತು ನಿಮಿಷ ಬಲಗಡೆ ಬಗ್ಗಿ ಬಗ್ಗಿ ಹುಡುಕಿದ. ಆಮೇಲೆ ಒಳಗೆ ಬಂದು ತಣ್ಣಗೆ ಕಾಫಿ ಕುಡಿಯುತ್ತಾ ಕೂತ. "ಪೆಟ್ರೋಲ್ ಕಮ್ಮಿ ಇತ್ತು, ಅದಕ್ಕೇ ಹೋಗ್ಲಿಲ್ಲ," ಅಂದ. ನಾನೂ ಏನೂ ಕೇಳಲಿಲ್ಲ. ಮಾನಸ್ಥರ ಮನೆಯ ಹುಡುಗ.

ಕಳ್ಳನೂ ಹಾಗೇ. ಒಂದು ಸಂಜೆ ದೇವರಾಜ ಮಾರುಕಟ್ಟೆಯ ಹತ್ತಿರ ನಿಲ್ಲಿಸಿ ಸೊಪ್ಪು ತರಲು ಹೋಗಿದ್ದೆ. ಬಂದು ನೋಡಿದರೆ ಗಾಡಿ ಇಲ್ಲ. ಎದೆ ಧಸಕ್ಕೆಂದಿತು ಅಂತ ಬರೆಯಬೇಕು. ನಿಜ ಹೇಳಬೇಕೆಂದರೆ ಮೊದಲು ಹೆಗಲು ಹಗುರವಾಯಿತು. ಎದೆ ಧಸಕ್ಕೆಂದಿದ್ದು ಆಮೇಲೆ. ಹುಡುಕುತ್ತಾ ಹೋದರೆ ಪಕ್ಕದ ಗಲ್ಲಿಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಹ್ಯಾಂಡಲ್ ಲಾಕ್ ಮುರಿದಿದ್ದ, ವೈರ್ ಕಿತ್ತು ಜೋಡಿಸಿದ್ದ, ಅಷ್ಟು ದೂರ ತಳ್ಳಿಯೂ ಇದ್ದ. ಕಿಕ್ಕರ್ ಮಾತ್ರ ಸಿಕ್ಕಿರಲಿಲ್ಲ. ಪಕ್ಕದಲ್ಲಿ ಒಂದು ಹವಾಯಿ ಚಪ್ಪಲಿ ಬಿದ್ದಿತ್ತು. ನೀಲಿ ಬಾರು, ಪಿನ್ನು ಹಾಕಿದ್ದು. ಗಾಡಿ ತಳ್ಳುವ ಕಷ್ಟ ನನಗೆ ಗೊತ್ತು. ಚಪ್ಪಲಿ ನೋಡಿ ಪಾಪ ಅನ್ನಿಸಿತು.

ನಮ್ಮ ಮೆಕ್ಯಾನಿಕ್ಕು ಮಂಡಿ ಮೊಹಲ್ಲಾದ ಒಬ್ಬ ಭಾಯ್. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಡಾಕ್ಟರು ಕೂಡ ನನ್ನ ಎದೆಯನ್ನು ಅಷ್ಟು ಹೊತ್ತು ಕೇಳಿಲ್ಲ. ಪ್ರತಿ ಸಲವೂ ಅವರದು ಒಂದೇ ತೀರ್ಪು. "ಗಾಡಿ ಪಸ್ಟ್ ಕ್ಲಾಸ್ ಇದೆ ಸಾರ್. ಮೇಲೆ ಕೂರೋದೇ ಸರಿಯಿಲ್ಲ."

ತೀರ್ಪು ತಪ್ಪೇನಲ್ಲ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕು, ಲೀಟರಿಗೆ ಹೆಚ್ಚುಕಮ್ಮಿ 40 ಎಂ.ಎಲ್. ಇಂಜಿನ್ನಿನ ಒಳಗೆ ಪಿಸ್ಟನ್ನಿಗೆ ಸಿಗುವ ಎಣ್ಣೆಸ್ನಾನ ಅದೊಂದೇ. ಒಮ್ಮೆ ಬಂಕಿನಲ್ಲಿ ಚಿಲ್ಲರೆ ಎಣಿಸುವ ಗಡಿಬಿಡಿಯಲ್ಲಿ ಆಯಿಲ್ ಹಾಕಿಸುವುದನ್ನು ಮರೆತು ಶ್ರೀರಂಗಪಟ್ಟಣದ ಕಡೆ ಹೊರಟೆ. ಗಾಡಿ ಎಂದೂ ಇಲ್ಲದಷ್ಟು ಲಘುವಾಗಿ, ಹೊಗೆಯಿಲ್ಲದೆ ಓಡಿತು. ಖುಷಿಯಾಗಿ ಹಾಡಿಕೊಂಡೇ ಹೋಗುತ್ತಿದ್ದೆ. ಊರು ಇನ್ನೂ ದೂರ ಇರುವಾಗಲೇ ಕೀಂಯ್ ಅಂತ ಒಂದು ಸದ್ದು. ಹಿಂದಿನ ಚಕ್ರ ಬಿಗಿದು, ಗಾಡಿ ಎತ್ತಿನ ಹಾಗೆ ಹಟ ಹಿಡಿದು ನಿಂತಿತು. ಸೀಜ್, ಅಂದರೆ ಪಿಸ್ಟನ್ ಒಳಗೇ ಕಚ್ಚಿಕೊಂಡಿತ್ತು. ಭಾಯ್ ಪಿಸ್ಟನ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಉದ್ದುದ್ದ ಗೀರು ಬಿದ್ದು ಬೆಕ್ಕು ಪರಚಿದಂತಿತ್ತು. ಅವರು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಹೆದರಿಕೆಗೆ ಆಮೇಲೆ ಎರಡು ವರ್ಷ ಆಯಿಲನ್ನು ಕೈತುಂಬಾ ಹಾಕಿದೆ. ಪಾಯಸಕ್ಕೆ ತುಪ್ಪ ಹಾಕಿದ ಹಾಗೆ. ಎದುರುಮನೆ ಆಂಟಿ ಬಟ್ಟೆ ಎಳೆದುಕೊಳ್ಳಲು ಶುರುಮಾಡಿದ್ದು ಆಗಲೇ. ಬೀದಿಯ ಮಕ್ಕಳು ಸೊಳ್ಳೆ ಹೊಗೆಯ ಗಾಡಿ ಬಂತು ಅಂತ ಹಿಂದೆ ಓಡಿಬರುತ್ತಿದ್ದವು.

ಇಷ್ಟೆಲ್ಲ ಬೈದರೂ ಒಂದು ದಿನದ ಮಾತು ಹೇಳದಿದ್ದರೆ ಪಾಪ ಬರುತ್ತದೆ. ಒಂದು ಭಾನುವಾರ ನಂಜನಗೂಡಿಂದ ಹೊರಡುವಾಗ ಕ್ಲಚ್ ಕೇಬಲ್ ಪಟ್ ಅಂತು. ರಥಬೀದಿಯಲ್ಲಿ ತಲೆ ಮೇಲೆ ಕೈ ಹೊತ್ತು ನಿಂತೆ. ಆಗ ನೆನಪಾಯಿತು: ಈ ಗಾಡಿಯ ಗೇರ್ ಲಿವರನ್ನು ಕಾಲಲ್ಲಿ ಒತ್ತಿದರೆ ಕ್ಲಚ್ಚೂ ತಾನೇ ಬಿಡುತ್ತದೆ. ಒತ್ತಿ ಹಿಡಿದು ಮೆಲ್ಲಗೆ ಸಡಿಲಿಸಿದೆ. ಗಾಡಿ ಎದ್ದಿತು. ಇಪ್ಪತ್ತಕ್ಕೂ ಜಾಸ್ತಿ ಕಿಲೋಮೀಟರ್, ಕ್ಲಚ್ ಹಿಡಿಯೇ ಇಲ್ಲದೆ, ಒಂದು ಸಲವೂ ಮುನಿಸಿಕೊಳ್ಳದೆ ಮನೆಗೆ ತಂದು ಬಿಟ್ಟಿತು. ಅವತ್ತು ರಾತ್ರಿ ಅದರ ಟ್ಯಾಂಕನ್ನು ನನ್ನ ಒಳ್ಳೆಯ ಟವೆಲಿನಲ್ಲಿ ಒರೆಸಿದೆ. ಮರುದಿನ ಬೆಳಿಗ್ಗೆ ಮೂವತ್ತು ಸಲ ಒದ್ದರೂ ಸ್ಟಾರ್ಟ್ ಆಗಲಿಲ್ಲ. ಅದೇ ಟವೆಲಿನಲ್ಲಿ ನನ್ನ ಬೆವರು ಒರೆಸಿಕೊಂಡೆ.

ಈಗ ಮದುವೆ ಕಾರ್ಡಿನ ವಿಷಯ.

ಪ್ಲಗ್ಗಿನಲ್ಲಿ ಕಿಡಿ ಯಾವಾಗ ಹಾರಬೇಕು ಅಂತ ತೀರ್ಮಾನವಾಗುವುದು ಪಾಯಿಂಟ್ ಅನ್ನುವ ಪುಟ್ಟ ಜಾಗದಲ್ಲಿ. ಅದನ್ನು ಆಗಾಗ ಉಪ್ಪು ಕಾಗದದಲ್ಲಿ ಉಜ್ಜಿ, ನಡುವಿನ ಸಂದು ಸರಿಮಾಡಬೇಕು. ಸುಮಾರು 0.4 ಎಂ.ಎಂ. ಅಳೆಯಲು ಭಾಯ್ ಜೇಬಿಂದ ಯಾರದೋ ವಿಸಿಟಿಂಗ್ ಕಾರ್ಡ್ ತೆಗೆದು ಸಂದಿಗೆ ತೂರಿಸುತ್ತಿದ್ದರು. ಬಿಗಿಯೂ ಇಲ್ಲದೆ ಸಡಿಲವೂ ಇಲ್ಲದೆ ಜಾರಿದರೆ ಮುಗಿಯಿತು. ಇಪ್ಪತ್ತು ಸಲ ನೋಡಿದ್ದೆ. ಇಷ್ಟೇ ತಾನೇ ಅಂದುಕೊಂಡು ಒಂದು ಭಾನುವಾರ ನಾನೇ ಕೂತೆ.

ಮನೆಯಲ್ಲಿ ವಿಸಿಟಿಂಗ್ ಕಾರ್ಡ್ ಇರಲಿಲ್ಲ. ಬೀರುವಿನಲ್ಲಿ ನಮ್ಮ ಮದುವೆಯ ಕರೆಯೋಲೆಗಳು ಉಳಿದಿದ್ದವು. ಅಪ್ಪ ಯಾರಾದರೂ ಬಿಟ್ಟುಹೋದರೆ ಇರಲಿ ಅಂತ ಐವತ್ತು ಜಾಸ್ತಿ ಹಾಕಿಸಿದ್ದರು. ಮಾವನವರು ಬೇರೆ, ಕಾರ್ಡು ದಪ್ಪ ಇರಲೇಬೇಕು ಅಂದಿದ್ದರು. ಕತ್ತರಿ ತೆಗೆದುಕೊಂಡೆ. ಗಣಪತಿ ಇದ್ದ ಕಡೆ ಕತ್ತರಿಸಲು ಮನಸ್ಸು ಬರಲಿಲ್ಲ. ಕೆಳಗೆ "ತಮ್ಮ ಸುಖಾಗಮನವನ್ನು ಬಯಸುವ" ಅಂತ ಇದ್ದ ಕಡೆ ಕತ್ತರಿಸಿದೆ. ಸಂದಿಗೆ ತೂರಿಸಿ, ಸ್ಕ್ರೂ ಬಿಗಿದು, ಒದ್ದೆ. ಎರಡನೇ ಒದೆತಕ್ಕೆ ಸ್ಟಾರ್ಟ್! ಕಾಲಿಗೆ ಒಂದು ವಾಪಸ್ ಪೆಟ್ಟು ಬಿತ್ತು, ಅದನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಹೆಮ್ಮೆಯಿಂದ ಹೆಂಡತಿಗೆ ಸೀರೆ ಉಡು ಅಂದೆ. ಚಿಕ್ಕಮ್ಮನ ಮನೆಗೆ ಹೊರಟೆವು. ಅವಳ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ ಕೋಡುಬಳೆ.

ರಾಮಸ್ವಾಮಿ ಸರ್ಕಲ್ಲಿನಲ್ಲಿ ಕೆಂಪು ದೀಪ. ಇಂಜಿನ್ ಡುಗ್... ಡುಗ್... ಅಂತ ಇನ್ನೇನು ನಿಂತೇಹೋಯಿತು ಅನ್ನುವಾಗ ಒಂದು ಸಲ ಒದರಿಕೊಂಡು ಮತ್ತೆ ಡುಗುಡುಗು ಶುರುವಾಯಿತು. ಅಬ್ಬಾ ಅಂದುಕೊಂಡೆ. ಹಸಿರು ಬಿತ್ತು. ಫಸ್ಟ್ ಗೇರ್ ಹಾಕಿ, ರೇಸ್ ಕೊಟ್ಟು, ಕ್ಲಚ್ ಬಿಟ್ಟೆ.

ಮೊದಲು ನನಗೆ ಅನ್ನಿಸಿದ್ದು, ಇವರೆಲ್ಲ ಯಾಕೆ ಇಷ್ಟು ಜೋರಾಗಿ ಮುಂದಕ್ಕೆ ಹೋಗ್ತಿದ್ದಾರೆ ಅಂತ. ಪಕ್ಕದ ಸೈಕಲ್ ಕೂಡ ಮುಂದೆ ಹೋಯಿತು. ಆಗ ಹೆಂಡತಿ, "ರೀ! ರೀ! ಹಿಂದೆ!" ಅಂತ ಕೂಗಿದಳು. ನಾನು ಏನೋ ಬರ್ತಿದೆ ಅಂದುಕೊಂಡು ಇನ್ನೂ ರೇಸ್ ಕೊಟ್ಟೆ. ಬರ್ತಿದ್ದದ್ದು ನಾವೇ. ಹಿಂದಿದ್ದ ಆಟೋದ ಮುಂದಿನ ಚಕ್ರಕ್ಕೆ ಧಡ್ ಅಂತ ಕೂತೆವು. ಯಾರಿಗೂ ಏಟಾಗಲಿಲ್ಲ. ಡಬ್ಬಿಯ ಮುಚ್ಚಳ ಹಾರಿತು. ಕೋಡುಬಳೆಗೆ ಆ ಆಕಾರ ಯಾಕೆ ಕೊಟ್ಟಿದ್ದಾರೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಸರ್ಕಲ್ಲಿನ ನಾಲ್ಕೂ ದಿಕ್ಕಿಗೆ ಉರುಳಿಕೊಂಡು ಹೋದವು.

ಟ್ರಾಫಿಕ್ ಪೇದೆ ಬಂದರು. "ಏನ್ರೀ, ಹಿಂದಕ್ಕ್ಯಾಕ್ರೀ ಹೋದ್ರಿ?"

"ನಾನು ಹೋಗ್ಲಿಲ್ಲ ಸಾರ್, ಗಾಡಿ ಹೋಯ್ತು."

ಅವರು ರಸೀದಿ ಪುಸ್ತಕ ತೆಗೆದರು. ಪೆನ್ನು ತೆಗೆದರು. ಏನಂತ ಬರೆಯುವುದು ಅಂತ ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, ಗಾಡಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದರು. "ಪಾಯಿಂಟ್ ಯಾರ್ ಸೆಟ್ ಮಾಡಿದ್ದು?"

ಮೈಸೂರು!

ಮರುದಿನ ಭಾಯ್ ವಿವರಿಸಿದರು. ಈ ಇಂಜಿನ್ನಿಗೆ ವಾಲ್ವ್ ಇಲ್ಲ. ಅದಕ್ಕೆ ಮುಂದೂ ಒಂದೇ ಹಿಂದೂ ಒಂದೇ, ಯಾವ ಕಡೆ ತಿರುಗಿದರೂ ಓಡುತ್ತದೆ. ಪಾಯಿಂಟಿನ ಸಂದು ಜಾಸ್ತಿಯಾದರೆ ಕಿಡಿ ಬೇಗ ಬರುತ್ತದೆ. ಇಂಜಿನ್ ನಿಧಾನವಾದಾಗ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಒದೆ ತಿಂದು ವಾಪಸ್ ತಿರುಗುತ್ತದೆ. "ಏನ್ ಇಟ್ಟು ಅಳೆದ್ರಿ ಸಾರ್?" ಅಂದರು. ಜೇಬಿನಿಂದ ಆ ತುಂಡು ತೆಗೆದು ಕೊಟ್ಟೆ. ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, "ಸುಖಾಗಮನ" ಅನ್ನುವಷ್ಟನ್ನು ಓದಿ, ವಾಪಸ್ ಕೊಟ್ಟರು. "ದಪ್ಪ ಜಾಸ್ತಿ ಆಯ್ತು."

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. "ಅಂದ್ರೆ, ನಮ್ಮ ಮದುವೆ ಕಾರ್ಡ್ ತೋರಿಸಿದ್ದಕ್ಕೆ ಗಾಡಿ ಹಿಂದಕ್ಕೆ ಓಡ್ತಾ?"

"ಹೂಂ."

"ಗಾಡಿಗಾದ್ರೂ ಬುದ್ಧಿ ಇದೆ," ಅಂದು ಸಾರು ಬಡಿಸಿದಳು.

2007ರಲ್ಲಿ ಮಾರಿದೆ. ಮಗಳು ಹುಟ್ಟಿದ್ದಳು, ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಸ್ಕೂಟರ್ ಬಂದಿತ್ತು. ಮದ್ದೂರಿನ ಕಡೆಯ ಒಬ್ಬ ಹುಡುಗ 7,500ಕ್ಕೆ ತೆಗೆದುಕೊಂಡ. ಅದರ ಈಗಿನ ಬೆಲೆಯ ಮಾತು ನನ್ನ ಎದುರು ಯಾರೂ ಎತ್ತಬೇಡಿ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ಮತ್ತೆ ಬಂದ ಮೇಲಂತೂ ಹಳೆಯದಕ್ಕೆ ಇನ್ನೂ ಗಿರಾಕಿ. ಜುಲೈ ಎರಡನೇ ಭಾನುವಾರ ಹಳೇ ಜಾವಾ-ಯೆಜ್ಡಿಯವರೆಲ್ಲ ಸಾಲಾಗಿ ಹೊರಡುತ್ತಾರೆ. ಆ ದಿನ ನಾನು ತರಕಾರಿಗೂ ಹೊರಗೆ ಹೋಗುವುದಿಲ್ಲ.

ಹುಡುಗನಿಗೆ ಪ್ಲಗ್ ಸ್ಪ್ಯಾನರ್, ಒಂದು ಸ್ಪೇರ್ ಪ್ಲಗ್ಗು, ಒಂದು ವಿಸಿಟಿಂಗ್ ಕಾರ್ಡು ಕೊಟ್ಟು ಎಲ್ಲ ಹೇಳಿ ಕಳಿಸಿದ್ದೆ. ಎರಡು ತಿಂಗಳಾಗಿತ್ತು. ರಾತ್ರಿ ಹತ್ತರ ಮೇಲೆ ಫೋನು.

"ಸಾರ್, ಗಾಡಿ ಹಿಂದುಕ್ ಓಯ್ತಾ ಅದೆ ಸಾರ್!"

ಸುಳ್ಳು ಹೇಳುವುದಿಲ್ಲ, ಒಳಗೊಳಗೇ ಸ್ವಲ್ಪ ಸಂತೋಷವಾಯಿತು. ಎದ್ದು ಹಿತ್ತಲಿಗೆ ಹೋದೆ. "ಗಾಬರಿ ಬೇಡ. ಆಫ್ ಮಾಡಿ. ಒಂದು ನಿಮಿಷ ಬಿಟ್ಟು ಮತ್ತೆ ಒದೀರಿ. ಅರ್ಧಂಬರ್ಧ ಒದೀಬೇಡಿ, ಪೂರ್ತಿ ಒದೀರಿ. ನಾಳೆ ಪಾಯಿಂಟ್ ನೋಡಿಸಿ."

ಒಂದು ಒದೆತ. ಎರಡು. ಮೂರನೆಯದಕ್ಕೆ ಹತ್ತಿಕೊಂಡಿತು.

"ಈಗ ಮುಂದುಕ್ಕೇ ಓಯ್ತಾ ಅದೆ ಸಾರ್. ಮಡುಗ್ಲಾ?"

"ತಡೀರಿ, ಇಡ್ಬೇಡಿ. ಫೋನು ಸೈಲೆನ್ಸರ್ ಹತ್ರ ಹಿಡಿದು ಸ್ವಲ್ಪ ರೇಸ್ ಮಾಡಿ."

"ಯಾಕ್ ಸಾರ್, ಏನಾರ ಪ್ರಾಬ್ಲಮ್ಮಾ?"

"ಕೇಳಿದ್ರೆ ತಾನೇ ಗೊತ್ತಾಗೋದು. ಹಿಡೀರಿ."

"ಎಡಗಡೇದ್ಕಾ, ಬಲಗಡೇದ್ಕಾ ಸಾರ್?"

"ಎರಡಕ್ಕೂ," ಅಂದೆ.