ಅರಿಜೋನಾದ ಧೂಳೇ ಬೇರೆ, ಪಾವಗಡದ ಧೂಳೇ ಬೇರೆ

ವಿದೇಶಿ ವಿಶ್ವವಿದ್ಯಾಲಯದ ಜೊತೆ ಎಂಒಯು (ಒಡಂಬಡಿಕೆ ಪತ್ರ) ಅಂದರೆ ನಮ್ಮ ಕಡೆ ಏನೇನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಫೈಲು ಅದಲುಬದಲು ಮಾಡಿಕೊಳ್ಳುವ ಫೋಟೋ. ಮರುದಿನ ಪೇಪರಿನ ಒಳಪುಟದಲ್ಲಿ ಎರಡು ಕಾಲಮ್ ಸುದ್ದಿ. ಆರು ತಿಂಗಳು ಬಿಟ್ಟು ಕೇಳಿದರೆ ಆ ಫೈಲು ಯಾವ ಬೀರುವಿನಲ್ಲಿದೆ ಅಂತ ಹುಡುಕಬೇಕು. ಬೇರೆ ವಿಷಯಗಳ ಮಟ್ಟಿಗೆ ಇದನ್ನು ನೋಡಿ ನಕ್ಕು ಸುಮ್ಮನಾಗಬಹುದು. ಶುದ್ಧ ಇಂಧನದಲ್ಲಿ ಹಾಗಲ್ಲ. ಬಿಸಿಲು, ಸೆಕೆ, ಧೂಳು, ನೀರು ಊರಿಂದೂರಿಗೆ ಬದಲಾಗುತ್ತವೆ, ಯಂತ್ರದ ಲೆಕ್ಕವೂ ಅವುಗಳ ಜೊತೆಗೇ ಬದಲಾಗುತ್ತದೆ. ಎರಡು ದೇಶದವರು ಕೂತು ಕೆಲಸ ಮಾಡಬೇಕಾದದ್ದು ಈ ವ್ಯತ್ಯಾಸದ ಮೇಲೆ.

ಇದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಭಾರತ-ಅಮೆರಿಕ ಸರ್ಕಾರಗಳ ಜಂಟಿ ಶುದ್ಧ ಇಂಧನ ಸಂಶೋಧನಾ ಯೋಜನೆಯಲ್ಲಿ 2012ರಲ್ಲಿ ಸಂಸ್ಥೆಗಳ ಮೂರು ಕೂಟಗಳು ಶುರುವಾದವು. ಐದು ವರ್ಷಕ್ಕೆ ಎರಡೂ ಸರ್ಕಾರಗಳು ತಲಾ 2.5 ಕೋಟಿ ಡಾಲರ್ ಕೊಡುವುದು, ಅದರ ಮೇಲೆ ಸಂಸ್ಥೆಗಳೂ ಉದ್ಯಮದವರೂ ತಮ್ಮ ಪಾಲು ಹಾಕುವುದು ಅಂತ ಒಪ್ಪಂದ. ಕಟ್ಟಡಗಳ ಕೂಟಕ್ಕೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್, ಜೈವಿಕ ಇಂಧನಕ್ಕೆ ಹೈದರಾಬಾದಿನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಐಐಸಿಟಿ ಮತ್ತು ಫ್ಲಾರಿಡಾ ವಿಶ್ವವಿದ್ಯಾಲಯ. ಸೌರಶಕ್ತಿಯ ಕೂಟಕ್ಕೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಮತ್ತು ಕೊಲರಾಡೊ ರಾಜ್ಯದ ಗೋಲ್ಡನ್ ಊರಿನ ರಾಷ್ಟ್ರೀಯ ನವೀಕರಣೀಯ ಇಂಧನ ಪ್ರಯೋಗಾಲಯ, ಅಂದರೆ ಎನ್‌ಆರ್‌ಇಎಲ್. ಈ ಕೂಟದ ಚುಟುಕು ಹೆಸರನ್ನು (SERIIUS) ‘ಸೀರಿಯಸ್’ ಅಂತಲೇ ಓದಬೇಕು. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು.

ಅಲ್ಲಿ ನಡೆದ ಕೆಲಸಗಳಲ್ಲಿ ಒಂದು, ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ ಆ ಶಾಖದಲ್ಲಿ ಟರ್ಬೈನ್ ತಿರುಗಿಸುವುದು. ಟರ್ಬೈನ್‌ಗೆ ಹಬೆಯ ಬದಲು ಕಾರ್ಬನ್ ಡೈಆಕ್ಸೈಡ್. 31 ಡಿಗ್ರಿ ಸೆಲ್ಸಿಯಸ್ ಮತ್ತು 73.8 ಬಾರ್ ಒತ್ತಡ ದಾಟಿದರೆ ಈ ಅನಿಲ ಅತ್ತ ದ್ರವವೂ ಅಲ್ಲ ಇತ್ತ ಅನಿಲವೂ ಅಲ್ಲ ಎನ್ನುವ ಸ್ಥಿತಿಗೆ ಹೋಗುತ್ತದೆ. ಆ ಅಂಚಿನ ಹತ್ತಿರ ಅದು ದ್ರವದಷ್ಟೇ ದಟ್ಟ, ಹಾಗಾಗಿ ಒತ್ತಿ ತಳ್ಳಲು ಕಂಪ್ರೆಸರ್‌ಗೆ ಕಡಿಮೆ ಶ್ರಮ. ಇಡೀ ಲಾಭ ನಿಂತಿರುವುದು ಇದರ ಮೇಲೆ. ಬೆಂಗಳೂರಿನಲ್ಲಿ ಇದಕ್ಕೆ ಪ್ರಯೋಗಾಲಯ ಮಟ್ಟದ ಲೂಪ್, ಅಂದರೆ ಅನಿಲ ಸುತ್ತುವ ಪೈಪಿನ ವ್ಯವಸ್ಥೆ, ಕಟ್ಟಿದರು.

ಈಗ ಊರಿನ ಸೆಕೆಯನ್ನು ಲೆಕ್ಕಕ್ಕೆ ತನ್ನಿ. 80 ಬಾರ್ ಒತ್ತಡದಲ್ಲಿ, 30 ಡಿಗ್ರಿಯಲ್ಲಿ ಈ ಅನಿಲ ಘನ ಮೀಟರಿಗೆ ಸುಮಾರು 700 ಕಿಲೋ ತೂಗುತ್ತದೆ. ಒತ್ತಡ ಅಷ್ಟೇ ಇಟ್ಟು 40 ಡಿಗ್ರಿಗೆ ಹೋದರೆ 280 ಕಿಲೋ. ಹತ್ತೇ ಡಿಗ್ರಿಗೆ ಅರ್ಧಕ್ಕಿಂತ ಕೆಳಗೆ! ತಂಪು ಹವೆಯ ಊರಿನಲ್ಲಿ ಟರ್ಬೈನ್ ದಾಟಿ ಬಂದ ಬಿಸಿ ಅನಿಲವನ್ನು ಬರೀ ಗಾಳಿ ಹಾಯಿಸಿ 31ರ ಆಸುಪಾಸಿಗೆ ಇಳಿಸಬಹುದು. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲೋ ಪಾವಗಡದಲ್ಲೋ ಹೊರಗಿನ ಗಾಳಿಯೇ ಅದಕ್ಕಿಂತ ಬಿಸಿ ಇರುವಾಗ ಯಾವುದರಿಂದ ತಣಿಸುವುದು? ನೀರಿನ ಕೂಲಿಂಗ್ ಟವರ್ ಹಾಕೋಣವೆಂದರೆ ಬಿಸಿಲಿರುವ ಕಡೆಯೇ ನೀರಿಲ್ಲ. ಒತ್ತಡವನ್ನು ಇನ್ನಷ್ಟು ಏರಿಸಿ ದಟ್ಟಣೆ ಗಳಿಸಬಹುದು, ಆಗ ಪೈಪು, ಸೀಲು, ಶಾಖ ವಿನಿಮಯದ ಸಾಮಾನು ಎಲ್ಲದರ ಲೆಕ್ಕವನ್ನೂ ಮೊದಲಿಂದ ಹಾಕಬೇಕು. ಈ ಪ್ರಶ್ನೆಯನ್ನು ಕೇಳಲೇಬೇಕಾದವರು ಸೆಕೆಯಲ್ಲಿ ಕೂತವರು. ಹೊರಗಿನಿಂದ ಡ್ರಾಯಿಂಗ್ ತರಿಸಿಕೊಂಡು ಹಾಗೇ ಕಟ್ಟಿದರೆ ಮಾರ್ಚ್ ತಿಂಗಳಲ್ಲಿ ಅದು ತಾನಾಗಿ ಪಾಠ ಹೇಳುತ್ತದೆ.

ಧೂಳಿನ ವಿಷಯವೂ ಇದೇ ಜಾತಿಯದು. ಸೋಲಾರ್ ಪ್ಯಾನೆಲ್ ಮೇಲಿನ ಧೂಳಿನ ಪ್ರಯೋಗಕ್ಕೆ ಜಗತ್ತಿನಲ್ಲಿ ಬಹಳ ಕಡೆ ಬಳಸುವುದು ‘ಅರಿಜೋನಾ ಟೆಸ್ಟ್ ಡಸ್ಟ್’. ಡಬ್ಬಿಯಲ್ಲಿ ಸಿಗುತ್ತದೆ, ಕಣದ ಅಳತೆಗೆ ಐಎಸ್‌ಒ ಮಾನದಂಡವೂ ಇದೆ. ವಾಹನಗಳ ಏರ್ ಫಿಲ್ಟರ್ ಪರೀಕ್ಷೆಗೆ ರೂಢಿಗೆ ಬಂದದ್ದು ಅದು, ಹೆಚ್ಚಿನ ಪಾಲು ಸಿಲಿಕಾ. ಐಐಟಿ ಬಾಂಬೆ ಮತ್ತು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಸೇರಿ ಭಾರತದ ಬೇರೆಬೇರೆ ಊರಿನ ಧೂಳು ತರಿಸಿ, ಒಂದೇ ತೂಕದಷ್ಟು ಹರಡಿ ಅಳೆದರು. ಜೋಧಪುರದ ಮರುಭೂಮಿ ಧೂಳಿಗಿಂತ ಮುಂಬೈ ಧೂಳು ಹೆಚ್ಚು ಬೆಳಕು ತಿಂದಿತು. ಮರಳು ಕಣ ಬೆಳಕನ್ನು ಚದುರಿಸುತ್ತದೆ, ಚದುರಿದ್ದರಲ್ಲಿ ಒಂದಿಷ್ಟು ಸೆಲ್‌ಗೇ ತಲುಪುತ್ತದೆ. ಮಸಿ ಬೆರೆತ ನುಣ್ಣನೆ ಪುಡಿ ಬೆಳಕನ್ನು ಹೀರಿಕೊಂಡುಬಿಡುತ್ತದೆ. ಜಂಟಿ ಸಂಶೋಧನೆ ಅಂದರೆ ನನ್ನ ಪ್ರಕಾರ ಇಂಥದ್ದು: ಎರಡೂ ಕಡೆ ಒಂದೇ ವಿಧಾನ, ಸಾಮಗ್ರಿ ಮಾತ್ರ ಊರಿನದು.

2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ಪಾವಗಡದ ಸುತ್ತಮುತ್ತಲ ಕಾಲೇಜಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗದು. ಖರ್ಚೂ ಕಡಿಮೆ. ಒಂದೇ ಬ್ಯಾಚಿನ ಎರಡು ಪ್ಯಾನೆಲ್ ಅಕ್ಕಪಕ್ಕ, ದಕ್ಷಿಣಕ್ಕೆ ಮುಖ ಮಾಡಿ ಸುಮಾರು 14 ಡಿಗ್ರಿ ಓರೆಯಲ್ಲಿ ಕೂರಿಸಿ. ಒಂದನ್ನು ದಿನಾ ಬೆಳಗ್ಗೆ ಒರೆಸಿ, ಇನ್ನೊಂದನ್ನು ಮುಟ್ಟಬೇಡಿ. ಬಿಸಿಲು ನೆತ್ತಿಗೆ ಬಂದಾಗ ಎರಡರ ಶಾರ್ಟ್ ಸರ್ಕ್ಯೂಟ್ ಕರೆಂಟ್ (ಪ್ಯಾನೆಲ್‌ನ ಎರಡು ತುದಿ ನೇರ ಸೇರಿಸಿದಾಗ ಹರಿಯುವುದು) ಅಳೆದು ಭಾಗಿಸಿದರೆ ಧೂಳಿನ ನಷ್ಟ ಸಿಕ್ಕಿತು. ವೋಲ್ಟೇಜಿನ ಹಾಗೆ ಕರೆಂಟು ಬಿಸಿಗೆ ಹೆಚ್ಚು ಅಲುಗುವುದಿಲ್ಲ, ಅದಕ್ಕೇ ಅದನ್ನು ಆರಿಸಿಕೊಳ್ಳುವುದು.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಓರೆ ಕಡಿಮೆ ಇರುವ ಪ್ಯಾನೆಲ್‌ನಲ್ಲಿ ಬೆಳಗಿನ ಇಬ್ಬನಿ ಧೂಳನ್ನು ಹೊತ್ತು ಕೆಳಗಿಳಿದು, ಫ್ರೇಮಿನ ಅಂಚಿಗೆ ತಡೆದು, ಅಲ್ಲೇ ಒಣಗಿ ಪಟ್ಟಿ ಕಟ್ಟುತ್ತದೆ. 60 ಸೆಲ್‌ನ ಹಳೆಯ ಮಾದರಿ ಪ್ಯಾನೆಲ್ ಒಳಗೆ 20-20ರ ಮೂರು ಸಾಲು, ಸಾಲಿಗೊಂದು ಬೈಪಾಸ್ ಡಯೋಡ್, ಅಂದರೆ ಸೋತ ಸಾಲನ್ನು ಬಿಟ್ಟು ಕರೆಂಟು ಬಳಸಿ ಹೋಗುವ ದಾರಿ. ಪ್ಯಾನೆಲ್ ಉದ್ದುದ್ದ ನಿಲ್ಲಿಸಿದ್ದರೆ ಕೆಳಗಿನ ಕೊಳೆ ಪಟ್ಟಿ ಮೂರೂ ಸಾಲನ್ನು ಹಿಡಿಯುತ್ತದೆ. ಅಡ್ಡ ಮಲಗಿಸಿದ್ದರೆ ಹೊಡೆತ ಒಂದೇ ಸಾಲಿಗೆ. ಗಾಜಿನ ಮೇಲಿನ ಕೊಳೆ ಅಷ್ಟೇ ಇದ್ದರೂ ನಷ್ಟ ಬೇರೆ. ಆದ್ದರಿಂದ ಗರಿಷ್ಠ ಪವರ್ ಕೂಡ ಅಳೆಯಬೇಕು, ವಾರಕ್ಕೊಮ್ಮೆಯಾದರೂ ಕೆಳ ಅಂಚಿನ ಫೋಟೋ ತೆಗೆಯಬೇಕು. ಒರೆಸುವ ನೀರು ಗಡುಸಾದರೆ ಉಪ್ಪಿನ ಬಿಳಿ ಕಲೆ ಕೂತು ‘ಸ್ವಚ್ಛ’ ಪ್ಯಾನೆಲ್ಲೇ ಹಿಂದೆ ಬೀಳುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಇದು ಮಾಮೂಲು ತಪ್ಪು.

ಇದೇ ಅಳತೆಯನ್ನು ವಿದೇಶಿ ಲ್ಯಾಬಿನ ಜೊತೆ ಹೋಲಿಸಬೇಕೆಂದರೆ ಒಂದೇ ಪ್ಯಾನೆಲ್ ಎರಡೂ ಕಡೆ ಸುತ್ತಬೇಕು. ಹೊಸ ಪ್ಯಾನೆಲ್ ಮೊದಲ ಬಿಸಿಲಿಗೇ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಕೆಲವು ಬಗೆಯವು ಶೇಕಡಾ 1ರಿಂದ 3ರವರೆಗೆ. ಹಾಗಾಗಿ ಮೊದಲು ಅಳತೆ ಒಂದೇ ಕಡೆ ನಿಲ್ಲುವವರೆಗೆ ಬಿಸಿಲು ಕುಡಿಸಿ.  ನಾಲ್ಕು ಪ್ಯಾನೆಲ್ ತಗೊಳ್ಳಿ, ಮೂರು ಪ್ರಯಾಣ ಹೋಗಲಿ, ಒಂದು ಮನೆ ಕಾಯಲಿ. ಕಳಿಸುವ ಮುಂಚೆ ಅಳತೆ, ಅಲ್ಲಿ ಅಳತೆ, ವಾಪಸ್ ಬಂದ ಮೇಲೆ ಇಲ್ಲಿ ಮತ್ತೆ ಅಳತೆ. ಈ ಮೂರನೆಯದನ್ನು ಬಿಡುವವರೇ ಹೆಚ್ಚು. ಬಿಟ್ಟರೆ ವ್ಯತ್ಯಾಸ ಲ್ಯಾಬಿನದೋ ದಾರಿಯಲ್ಲಿ ಬಿರುಕು ಬಿಟ್ಟ ಸೆಲ್‌ನದೋ ಹೇಳಲು ಬಾರದು. ಒಳ್ಳೆಯ ಲ್ಯಾಬಿನ ಅಳತೆಯಲ್ಲೂ ಶೇಕಡಾ 2ರ ಆಸುಪಾಸಿನ ಅನಿಶ್ಚಿತತೆ ಇರುತ್ತದೆ. ಅದಕ್ಕಿಂತ ಸಣ್ಣ ವ್ಯತ್ಯಾಸ ಹಿಡಿದು ಪೇಪರ್ ಬರೆಯುವವರನ್ನು ದೂರದಿಂದಲೇ ನಮಸ್ಕರಿಸಿ.

ಸಾಗಣೆ ಇನ್ನೊಂದು ಪುರಾಣ. ಪಾವಗಡದ ಧೂಳನ್ನು ಅಮೆರಿಕಕ್ಕೆ ಪೋಸ್ಟ್ ಮಾಡುತ್ತೇನೆಂದರೆ ಅದು ಮಣ್ಣು. ಕ್ರಿಮಿ, ಕಳೆಬೀಜ ಬರಬಹುದೆಂದು ಅಲ್ಲಿನ ಕೃಷಿ ಇಲಾಖೆಯ ಪರವಾನಗಿ ಕೇಳುತ್ತಾರೆ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ವಿಮಾನದ ಸರಕಿನಲ್ಲಿ ಶೇಕಡಾ 30ಕ್ಕಿಂತ ಹೆಚ್ಚು ಚಾರ್ಜ್ ಇಟ್ಟು ಕಳಿಸುವಂತಿಲ್ಲ. ಹೊಂಗೆ, ಪಾಚಿ ಅಂತ ಜೈವಿಕ ಇಂಧನಕ್ಕೆ ಹೊರಟರೆ 2002ರ ಜೀವವೈವಿಧ್ಯ ಕಾಯ್ದೆ ಇದೆ: ಸರ್ಕಾರದ ಮಾರ್ಗಸೂಚಿಗೆ ಒಳಪಟ್ಟ ಜಂಟಿ ಯೋಜನೆಗೆ ವಿನಾಯಿತಿ ಉಂಟು, ಇಲ್ಲದಿದ್ದರೆ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಬಾಗಿಲು. ಇವನ್ನೆಲ್ಲ ಎಂಒಯು ಬರೆಯುವ ದಿನವೇ ನೋಡಿಕೊಳ್ಳದಿದ್ದರೆ ಮೊದಲ ವರ್ಷ ಪತ್ರ ವ್ಯವಹಾರದಲ್ಲೇ ಕಳೆಯುತ್ತದೆ.

ಡೇಟಾದ ತಪ್ಪುಗಳು ಇನ್ನೂ ಚಿಲ್ಲರೆ, ಇನ್ನೂ ದುಬಾರಿ. ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಆ ಅರ್ಧ ಗಂಟೆಯನ್ನು ಮರೆಯುವ ಪ್ರೋಗ್ರಾಮುಗಳು ಬೇಕಾದಷ್ಟಿವೆ. ಕೊಲರಾಡೊದಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನೇ ತಿರುಗಿಸುತ್ತಾರೆ. 10:00 ಅಂತ ಬರೆದಿದ್ದರೆ ಅದು ಹತ್ತರಿಂದ ಮುಂದಿನ ನಿಮಿಷದ ಸರಾಸರಿಯೋ, ಹಿಂದಿನ ನಿಮಿಷದ್ದೋ? ಸೆನ್ಸರ್ ಕೆಟ್ಟಾಗ ಅಳತೆ ಬರೆದಿಡುವ ಲಾಗರ್ ಖಾಲಿ ಬಿಡುತ್ತದೋ, ಸೊನ್ನೆ ಹಾಕುತ್ತದೋ, ‘ಅಳತೆ ಇಲ್ಲ’ ಅನ್ನುವ ಗುರುತಾಗಿ -9999 ಹಾಕುತ್ತದೋ? ಆ -9999 ಸರಾಸರಿಯೊಳಗೆ ಸೇರಿಕೊಂಡರೆ ತಿಂಗಳ ಲೆಕ್ಕವೇ ಮುಳುಗಿತು. ಒಂದು ಪುಟದಲ್ಲಿ ಇಷ್ಟನ್ನು ಬರೆದು ಎರಡೂ ಕಡೆಯವರು ಸಹಿ ಹಾಕಿದರೆ ಅದು ನೂರು ಪುಟದ ಎಂಒಯುಗಿಂತ ಹೆಚ್ಚು ಬಾಳುತ್ತದೆ.

ಇನ್ನು ಶಿಕ್ಷಣ. ಯುಜಿಸಿಯ 2022ರ ನಿಯಮಾವಳಿ ಬಂದ ಮೇಲೆ, ಕಾಲೇಜುಗಳ ಗುಣಮಟ್ಟಕ್ಕೆ ಅಂಕ ಕೊಡುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಇರುವ ಸಂಸ್ಥೆ ವಿದೇಶಿ ವಿಶ್ವವಿದ್ಯಾಲಯದ ಜೊತೆ ಟ್ವಿನಿಂಗ್ (ಓದಿನ ಒಂದು ಭಾಗ ಇಲ್ಲಿ, ಒಂದು ಭಾಗ ಅಲ್ಲಿ), ಜಂಟಿ ಪದವಿ ನಡೆಸಬಹುದು. ಟ್ವಿನಿಂಗ್ ಆದರೆ ಹೊರಗಿನ ಕ್ರೆಡಿಟ್ ಶೇಕಡಾ 30 ಮೀರಬಾರದು. ಇವು ಕಾಗದದ ತೊಡಕು. ನಿಜವಾದ ತೊಡಕು ಕ್ಯಾಲೆಂಡರ್. ಅಮೆರಿಕದ ವಿದ್ಯಾರ್ಥಿಗೆ ಇಂಟರ್ನ್‌ಶಿಪ್‌ಗೆ ಬಿಡುವು ಸಿಗುವುದು ಜೂನ್‌ನಿಂದ ಆಗಸ್ಟ್. ಧೂಳು ಅಳೆಯಲು ಇಲ್ಲಿಗೆ ಬಂದರೆ ಮಳೆ ಬಂದು ಪ್ಯಾನೆಲ್ ತೊಳೆದು ಹೋಗಿರುತ್ತದೆ! ಧೂಳಿನ ಕಾಲ ಡಿಸೆಂಬರಿನಿಂದ ಮೇ. ಆಗ ಅವರಿಗೆ ಸೆಮಿಸ್ಟರ್, ನಮ್ಮವರಿಗೆ ಇಂಟರ್ನಲ್ಸು. ಪರಿಹಾರ ಸುಲಭ: ಡಿಸೆಂಬರ್-ಮೇ ಅಳತೆ ನಮ್ಮ ವಿದ್ಯಾರ್ಥಿಗಳದು, ಡೇಟಾ ವಾರವಾರ ಅತ್ತ ಹೋಗಲಿ, ಜೂನ್‌ನಲ್ಲಿ ಬಂದವರು ಇವರ ಜೊತೆ ಕೂತು ವಿಶ್ಲೇಷಣೆ ಮಾಡಲಿ. ಪೇಪರಿನಲ್ಲಿ ಅಳೆದವರ ಹೆಸರೂ ಇರಲಿ. ನಾವು ಡೇಟಾ ಕೂಲಿ, ಅವರು ಲೇಖಕರು ಅನ್ನುವ ವ್ಯವಸ್ಥೆಗೆ ‘ಸಹಯೋಗ’ ಅಂತ ಹೆಸರಿಡುವುದು ಬೇಡ.

ವಿನಿಮಯಕ್ಕೆ ಪಿಎಚ್‌ಡಿಯವರೇ ಯಾಕೆ ಹೋಗಬೇಕು ಅನ್ನುವುದೂ ನನಗೆ ತಿಳಿಯದು. ಪಿಎಚ್‌ಡಿಯವರು ಮುಗಿಸಿ ಹೊರಡುತ್ತಾರೆ. ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಇರುವವರು ಡಿಪ್ಲೊಮಾ, ಐಟಿಐ ಓದಿದ ಟೆಕ್ನಿಷಿಯನ್‌ಗಳು. ಪೈರನೋಮೀಟರ್ ಅಂತ ಬಿಸಿಲು ಅಳೆಯುವ ಉಪಕರಣ ಇರುತ್ತದಲ್ಲ, ಅದರ ಗಾಜಿನ ಗುಮ್ಮಟದ ಮೇಲೆ ಧೂಳು ಕೂತರೆ ಬಿಸಿಲೇ ಕಡಿಮೆ ಅಂತ ತೋರಿಸುತ್ತದೆ, ಆಗ ಕೊಳಕು ಪ್ಯಾನೆಲ್ ಕೂಡ ಚೆನ್ನಾಗಿ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. ಎರಡು ತಪ್ಪು ಸೇರಿ ಒಂದು ಸುಂದರ ಗ್ರಾಫ್. ಒಳಗಿನ ಸಿಲಿಕಾ ಜೆಲ್ ಬಣ್ಣ ಬದಲಾದರೆ ತೇವ ಹೊಕ್ಕಿದೆ ಅಂತ, ಹೊಸದು ಹಾಕಬೇಕು. ವರ್ಷಕ್ಕೋ ಎರಡು ವರ್ಷಕ್ಕೋ ಕ್ಯಾಲಿಬ್ರೇಷನ್‌ಗೆ ಕಳಿಸಬೇಕು, ಆ ತಿಂಗಳುಗಳಲ್ಲಿ ಅಳೆಯಲು ಇನ್ನೊಂದು ಇರಬೇಕು.

ಮುಂದಿನ ಸಲ ಯಾವುದಾದರೂ ಕಾಲೇಜಿನ ಎಂಒಯು ಕಣ್ಣಿಗೆ ಬಿದ್ದರೆ ಅನುಬಂಧ ತೆಗೆದು ನೋಡಿ: ದಸರಾ ರಜೆಯಲ್ಲಿ ಆ ಗುಮ್ಮಟ ಒರೆಸುವವರು ಯಾರು, ಅವರಿಗೆ ಆ ದಿನದ ಸಂಬಳ ಯಾವ ಹೆಡ್‌ನಿಂದ ಅಂತ ಬರೆದಿದ್ದಾರೆಯೇ?