ಆತ್ಮದ ಖಾತೆ ಬದಲಾವಣೆ

ಊರೆಲ್ಲ ‘ಮತಾಂತರ ನಿಷೇಧ ಕಾಯ್ದೆ’ ಎಂದು ಕರೆಯುವುದರ ಅಸಲಿ ಹೆಸರು ‘ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ, 2022’. ನಾಮಕರಣ ಮಾಡಿದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಲ್ಲಲೇಬೇಕು. ಬೀಗದ ಅಂಗಡಿಗೆ ‘ಮುಕ್ತದ್ವಾರ’ ಎಂದು ಬೋರ್ಡು ಬರೆಸುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ.

2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಗಂಟುಮೂಟೆ ಕಟ್ಟುವುದಿಲ್ಲ. ಮಸೂದೆ ಬೇಕು, ಎರಡೂ ಸದನದ ಒಪ್ಪಿಗೆ ಬೇಕು, ಅಂಕಿತ ಬೇಕು. ಬರುವಾಗ ಮಾತ್ರ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯ ನಾನ್‌ಸ್ಟಾಪ್ ಬಸ್ಸಿನಲ್ಲಿ ಬಂದಿತ್ತು.

ಕ್ರಮ ಬಲು ಸರಳ. ನಿಮಗೆ ಬೇರೆ ದೇವರ ಮೇಲೆ ಮನಸ್ಸಾಯಿತು ಎನ್ನಿ. 30 ದಿನ ಮುಂಚೆ ನಮೂನೆ 1ರಲ್ಲಿ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮತಾಂತರ ಮಾಡಿಸುವವರದು ನಮೂನೆ 2. ಡೀಸಿ ಕಚೇರಿಯ ಮತ್ತು ತಹಶೀಲ್ದಾರರ ಸೂಚನಾ ಫಲಕದಲ್ಲಿ ಅದನ್ನು ಅಂಟಿಸಿ ಆಕ್ಷೇಪಣೆ ಕರೆಯುತ್ತಾರೆ. ಜಮೀನಿನ ಖಾತೆ ಬದಲಾವಣೆಗೆ ಹೇಗೋ ಆತ್ಮಕ್ಕೂ ಹಾಗೆ. ತಕರಾರು ಬಂದರೆ ಕಂದಾಯ ಇಲಾಖೆ ಅಥವಾ ಸಮಾಜ ಕಲ್ಯಾಣ ಇಲಾಖೆಯವರಿಂದ ವಿಚಾರಣೆ. ನಿಮ್ಮ ನಿಜವಾದ ಉದ್ದೇಶ ಏನೆಂದು ತಿಳಿಯಬೇಕಲ್ಲ! ಪಕ್ಕದ ಹೊಲದ ಬದು ಎಲ್ಲಿದೆ ಎಂದು ಮೂರು ತಲೆಮಾರಿಂದ ತೀರ್ಮಾನವಾಗದ ತಾಲ್ಲೂಕಿನಲ್ಲಿ, ಭಕ್ತಿಯ ಗಡಿಕಲ್ಲು ಎಲ್ಲಿದೆ ಎಂದು ಪತ್ತೆ ಹಚ್ಚುತ್ತಾರಂತೆ. ಎಲ್ಲ ಮುಗಿದ ಮೇಲೆ 30 ದಿನದೊಳಗೆ ನಮೂನೆ 3, ಮತ್ತೊಮ್ಮೆ ಫಲಕ, 21 ದಿನದೊಳಗೆ ಖುದ್ದು ಹಾಜರಿ.

ಆಮಿಷ, ಬಲವಂತದಿಂದ ಮತಾಂತರ ಮಾಡಿಸಿದರೆಂದು ದೂರು ಕೊಡುವ ಹಕ್ಕು ಯಾರಿಗೆಲ್ಲ ಇದೆ ನೋಡಿ: ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ನೆಂಟರು, ಕೊನೆಗೆ ಸಹೋದ್ಯೋಗಿ. ಬಡ್ತಿ ತಪ್ಪಿದ ಪಕ್ಕದ ಟೇಬಲಿನ ಗುಮಾಸ್ತರಿಗೆ ಇದಕ್ಕಿಂತ ದೊಡ್ಡ ವರದಾನ ಯಾವ ದೇವರು ಕೊಟ್ಟಾನು? ಆಮಿಷವೇನೂ ಇರಲಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪಿಯದೇ.

ಹಳೆಯ ಧರ್ಮಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲ. ಆದರೆ ಎಚ್ಚರ, ‘ನಿಕಟಪೂರ್ವ’ ಧರ್ಮವಾಗಿರಬೇಕು. ಹಿಂದೂ ಬೌದ್ಧನಾಗಿ, ಬೌದ್ಧ ಕ್ರೈಸ್ತನಾದ ಎನ್ನಿ. ಒಂದು ಸ್ಟಾಪು ಹಿಂದೆ ಹೋದರೆ ಟಿಕೆಟ್ ಇಲ್ಲ. ಎರಡು ಸ್ಟಾಪಾದರೆ ಇಳಿದು ಮತ್ತೆ ಕ್ಯೂ ನಿಲ್ಲಬೇಕು. ಇನ್ನು ‘ಸಾಮೂಹಿಕ ಮತಾಂತರ’ ಎಂದರೆ ಎಷ್ಟು ಜನ? ಇಬ್ಬರು. ಗಂಡಹೆಂಡತಿ ಜೊತೆಗೆ ಹೋದರೆ ಅದು ಸಮೂಹ. ಅಕ್ರಮವೆಂದಾದರೆ ಮಾಡಿಸಿದವರಿಗೆ 3ರಿಂದ 10 ವರ್ಷ, ಒಂದು ಲಕ್ಷ ದಂಡ. ಅಂಬೇಡ್ಕರರು ಹಿಂದೂವಾಗಿ ಸಾಯಲಾರೆ ಎಂದು 1935ರಲ್ಲಿ ಯೇವಲಾದಲ್ಲಿ ಹೇಳಿ 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. 21 ವರ್ಷದ ನೋಟಿಸು! ಆದರೂ ನಮೂನೆಯಲ್ಲಿ ಅಲ್ಲವಲ್ಲ.

ಇದೇ ಕಣ್ಣಿನಲ್ಲಿ ಹೊಯ್ಸಳರ ಬಿಟ್ಟಿದೇವನ ಕಡತ ಬಿಚ್ಚಿ. ರಾಮಾನುಜರು ರಾಜಕುಮಾರಿಯ ಕಾಯಿಲೆ ವಾಸಿಮಾಡಿದರು, ಜೈನ ಬಿಟ್ಟಿದೇವ ವಿಷ್ಣುವರ್ಧನನಾದ ಎಂಬುದು ಐತಿಹ್ಯ. ಉಚಿತ ಚಿಕಿತ್ಸೆ, ಶುದ್ಧ ಆಮಿಷ! ಮಾಡಿಸಿದವರು ಚೋಳ ನಾಡಿನಿಂದ ಬಂದವರು, ನಮೂನೆ 2 ಲಗತ್ತಿಸಿಲ್ಲ. ಪಟ್ಟದರಸಿ ಶಾಂತಲೆ ಕೊನೆಯವರೆಗೆ ಜೈನಳಾಗಿಯೇ ಉಳಿದಳು, ಅರಮನೆಯೇನೂ ಕುಸಿಯಲಿಲ್ಲ. ಒಂದು ಧರ್ಮವನ್ನು ಇನ್ನೊಂದರೆದುರು ಹೊಗಳುವುದೂ ಕಾಯ್ದೆಯ ಪ್ರಕಾರ ಆಮಿಷವೇ. ಹಾಗಾದರೆ ನಮ್ಮ ಶರಣರು, ದಾಸರು ಜಾಮೀನಿಗೆ ಅಲೆಯಬೇಕಿತ್ತು.

ಬುಕ್ಕರಾಯನ ಮುಂದೆಯೂ ಇಂಥದೇ ವ್ಯಾಜ್ಯ ಬಂದಿತ್ತು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕಿಗಾಗಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ. 1368ರ ಶ್ರವಣಬೆಳಗೊಳದ ಶಾಸನ ನೋಡಿ: ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಭೇದವಿಲ್ಲವೆಂದು ಸಾರಿ, ಹಳೆಯ ಹಕ್ಕನ್ನು ಎತ್ತಿಹಿಡಿದ. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ವಸೂಲಿ, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳು, ಉಳಿದದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ. ಆಡಳಿತ ಎಂದರೆ ಇಷ್ಟು. ಯಾರ ಮನಸ್ಸಿನಲ್ಲಿ ಯಾವ ದೇವರಿದ್ದಾನೆಂದು ಬುಕ್ಕ ಫಲಕಕ್ಕೆ ಅಂಟಿಸಲಿಲ್ಲ.

ನಗು ಬತ್ತುವುದು ಒಂದು ಕಡೆ. ಹೆಚ್ಚಿನ ಶಿಕ್ಷೆಯ ಕಲಮಿನಲ್ಲಿ ಅಪ್ರಾಪ್ತರು, ಬುದ್ಧಿ ಸ್ಥಿಮಿತವಿಲ್ಲದವರು, ಮಹಿಳೆಯರು, ಪರಿಶಿಷ್ಟರು, ಎಲ್ಲರೂ ಒಂದೇ ಸಾಲಿನಲ್ಲಿದ್ದಾರೆ. ಎಂ.ಎ. ಓದಿ ಮನೆ ನಡೆಸುವ ಹೆಂಗಸು, ಲೋಕ ಕಂಡ ದಲಿತ ಮುದುಕ, ಇಬ್ಬರಿಗೂ ತಮ್ಮ ದೇವರನ್ನು ಆರಿಸಿಕೊಳ್ಳುವ ಬುದ್ಧಿ ಇಲ್ಲವಂತೆ. ವೋಟಿಗೆ ಮಾತ್ರ ಸಾಕಾಗುತ್ತದೆ.

ಹಿಮಾಚಲ ಪ್ರದೇಶದ ಹೈಕೋರ್ಟು ಇಂಥದೇ 30 ದಿನದ ಮುನ್ಸೂಚನೆಯನ್ನು 2012ರಲ್ಲೇ ಹೊಡೆದುಹಾಕಿತ್ತು: ನಂಬಿಕೆಯನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕೂ ಮನುಷ್ಯನಿಗಿದೆ ಎಂದು. ಹತ್ತು ವರ್ಷದ ನಂತರ ನಾವು ಅದನ್ನೇ ಬರೆದುಕೊಂಡೆವು. ಹೆಸರು ಬಿದ್ದ ಫಲಕದ ಫೋಟೋ ವಾಟ್ಸ್ಯಾಪಿಗೆ ಹೋಗಲು ಎರಡು ನಿಮಿಷ ಸಾಕು, ಸಂಜೆಗೆ ಮನೆಮುಂದೆ ಬೈಕು ನಿಲ್ಲುತ್ತವೆ. ಆಗ ಅರ್ಜಿದಾರರು ಯಾವ ನಮೂನೆ ತುಂಬಬೇಕೋ, ಅದನ್ನು ಮಾತ್ರ ಯಾರೂ ಅಚ್ಚು ಹಾಕಿಸಿಲ್ಲ.