ಮೊದಲ ಜೋಳ ಸತ್ತೋರಿಗೆ

ನಮ್ಮೂರು ಮಂಡ್ಯ ಕಡೆ, ಮಿಜೋರಾಂ ರಾಜಧಾನಿ ಐಜಾಲ್‌ಗೆ ಬಂದು ಆರು ವರ್ಷ ಆಯ್ತು. ಮಿಜೋ ಹಬ್ಬ ಅಂದ್ರೆ ನಮ್ಮೋರಿಗೆ ಗೊತ್ತಿರೋದು ಚಾಪ್ಚಾರ್ ಕುತ್ ಒಂದೇ, ಜೂಮ್ ಬೇಸಾಯಕ್ಕೆ ಗುಡ್ಡದ ಬಿದಿರು ಕಡಿದು ಒಣಗೋಕೆ ಬಿಟ್ಟಿರ್ತಾರಲ್ಲ, ಬೆಂಕಿ ಹಾಕೋವರೆಗೂ ಕೆಲಸ ಇರಲ್ಲ, ಆಗ ಮಾರ್ಚ್‌ನಲ್ಲಿ ಮಾಡೋದು, ಅದರ ಬಿದಿರು ಡ್ಯಾನ್ಸ್ ವಿಡಿಯೋ ಎಲ್ರೂ ನೋಡಿರ್ತೀರ. ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದ್ರೆ ನನ್ನ ಕರುಳಿಗೆ ತಾಗಿದ್ದು ಮಿಮ್ ಕುತ್.

ಇದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ, ಮುಸುಕಿನ ಜೋಳ ಕೈಗೆ ಬಂದ ಮೇಲೆ. ಹಿಂದೆ ಹೊಸ ಜೋಳ, ತರಕಾರಿ, ರೊಟ್ಟಿ, ಬಟ್ಟೆ, ಮಣಿಸರ, ಅಕ್ಕಿಯಿಂದ ಮಾಡಿದ ಝೂ ಅನ್ನೋ ಹೆಂಡ, ಎಲ್ಲ ಆ ವರ್ಷ ತೀರ್ಕೊಂಡೋರ ಹೆಸರಲ್ಲಿ ಇಡ್ತಿದ್ರು, ಅವ್ರು ಆವಾಗ ಮನೆಗೆ ಬಂದುಹೋಗ್ತಾರೆ ಅಂತ ನಂಬಿಕೆ. ಇಲ್ಲಿ ಬಯಲುಸೀಮೆಯೋರಿಗೆ ವೈ ಅಂತಾರೆ, ಮಿಮ್ ಅಂದ್ರೆ ಇಲ್ಲಿ ಮೊದಲಿಂದ ಇದ್ದ ಒಂದು ಕಾಳು, ಮುಸುಕಿನ ಜೋಳಕ್ಕೆ ವೈಮಿಮ್, ಅಂದ್ರೆ ಹೊರಗಿನೋರ ಮಿಮ್. ಹೊರಗಿಂದ ಬಂದ ಬೆಳೆನೂ ಸತ್ತೋರ ಪಾಲಿಗೆ ಸೇರ್ಕೊಂಡಿದೆ ನೋಡಿ.

ಇದನ್ನ ಕೇಳಿದಾಗ ನಂಗೆ ನಮ್ಮ ಪಿತೃಪಕ್ಷನೇ ಕಣ್ಮುಂದೆ ಬಂತು. ಹೆಚ್ಚುಕಮ್ಮಿ ಅದೇ ತಿಂಗಳು, ಬಾಳೆಲೆ ಮೇಲೆ ಮುದ್ದೆ, ಮಟನ್ ಸಾರು, ಹೊಸ ಪಂಚೆ, ಅಪ್ಪನ ಬೀಡಿ ಕಟ್ಟು, ಧೂಪ ಹಾಕಿ ಬಾಗಿಲು ಎಳ್ಕೊಂಡು ಎಲ್ರೂ ಹೊರಗೆ ನಿಂತ್ಕೊಳೋದು. ಒಂದು ವ್ಯತ್ಯಾಸ ಮಾತ್ರ ಮನಸ್ಸಲ್ಲೇ ಉಳೀತು, ನಾವು ಹೋದೋರಿಗೆ ಇಷ್ಟವಾದದ್ದು ಹುಡುಕಿ ಅಂಗಡಿಯಿಂದ ತರ್ತೀವಿ, ಇವ್ರು ಹೊಲ ಕೊಟ್ಟ ಮೊದಲನೇದನ್ನೇ ಕೊಡ್ತಿದ್ರು. ನಂಗೆ ಇವರದೇ ದೊಡ್ಡದು ಅನ್ಸುತ್ತೆ.

1894ರಲ್ಲಿ ಮಿಷನರಿಗಳು ಬಂದ ಮೇಲೆ ಇಡೀ ಜನ ನಿಧಾನಕ್ಕೆ ಕ್ರಿಶ್ಚಿಯನ್ ಆದ್ರು, ಎಡೆ ಇಡೋದು ನಿಂತುಹೋಯ್ತು. ಚಾಪ್ಚಾರ್ ಕುತ್‌ನ 1973ರಲ್ಲಿ ದೊಡ್ಡದಾಗಿ ಮತ್ತೆ ಶುರು ಮಾಡಿದ್ರು, ಮಿಮ್ ಕುತ್‌ಗೆ ಆ ಭಾಗ್ಯ ಬರಲಿಲ್ಲ. ಹಂಗಂತ ಸತ್ತೋರನ್ನ ಮರೆತಿಲ್ಲ, ಒಬ್ರು ಹೋದ್ರೆ ಯಂಗ್ ಮಿಜೋ ಅಸೋಸಿಯೇಷನ್ ಹುಡುಗ್ರೇ ಗುಂಡಿ ತೆಗೀತಾರೆ, ಆಮೇಲೆ ರಾತ್ರಿ ರಾತ್ರಿ ಅಕ್ಕಪಕ್ಕದೋರು ಆ ಮನೇಲಿ ಕೂತು ಹಾಡ್ತಾರೆ, ಖೌಹರ್ ಇನ್ ಅಂತಾರೆ ಆ ಮನೆಗೆ.

ಅಪ್ಪ ಹೋದಾಗ ಊರಲ್ಲಿ ಕಾರ್ಯ ಮುಗಿಸ್ಕೊಂಡು ವಾಪಸ್ ಬಂದ್ನಲ್ಲ, ಸಂಜೆ ನಮ್ಮ ಓಣಿಯೋರು ಹತ್ತು ಹನ್ನೆರಡು ಜನ ಟೀ ಪುಡಿ, ಸಕ್ಕರೆ ಹಿಡ್ಕೊಂಡು ಬಂದು ಕೂತ್ರು. ಅಪ್ಪನ್ನ ಯಾರೂ ನೋಡಿದೋರಲ್ಲ, ಭಾಷೆ ಅರ್ಧಂಬರ್ಧ, ಆದ್ರೂ ಮೂರು ದಿನ ಬಂದ್ರು. ಬೆಂಗಳೂರಲ್ಲಿ ಹತ್ತು ವರ್ಷ ಇದ್ದ ಅಪಾರ್ಟ್‌ಮೆಂಟಲ್ಲಿ ಎದುರು ಮನೆಯೋರು ಹೋಗಿದ್ದು ನಂಗೆ ವಾರ ಆದ್ಮೇಲೆ ಗೊತ್ತಾಗಿತ್ತು, ಇವತ್ತಿಗೂ ಆ ವಿಷಯ ಚುಚ್ಚುತ್ತೆ.

ಹೋದ ಮಹಾಲಯಕ್ಕೆ ಎಡೆಗೆ ಇಲ್ಲಿನ ಮಾರ್ಕೆಟ್‌ನ ಜೋಳ ಬೇಯಿಸಿ ಇಟ್ವಿ. ಬಾಗಿಲು ಹಾಕಿ ನಾನು, ನನ್ನ ಹೆಂಡ್ತಿ ಮೆಟ್ಟಿಲ ಮೇಲೆ ನಿಂತಿದ್ವಿ. ಪಕ್ಕದ ಮನೆ ಅಜ್ಜಿ, ಕಾ ಪಿ ಅಂತ ಕರೀತೀವಿ, ಯಾಕೆ ಹೊರಗಿದ್ದೀರ ಅಂದ್ರು. ಅಪ್ಪ ಊಟಕ್ಕೆ ಬಂದಿದ್ದಾರೆ ಅಂದೆ. ಏನೂ ಮಾತಾಡದೆ ಶಾಲು ಹೊದ್ಕೊಂಡು ಅವರೂ ನಮ್ಮ ಪಕ್ಕ ನಿಂತ್ಕೊಂಡ್ರು.